ಪಂಪಿನ ಬದಲು ಮಾತ್ರೆ ಕೊಟ್ಟರೆ ಔಷಧ ಮೈಗೆ ಸರಿಯಾಗಿ ಸೇರುತ್ತದೆಯೇ?

ಪ್ರಶ್ನೆ:
ನಮ್ಮ ತಂದೆಯವರಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯ ನಂತರ ಎರಡು ವಾರಕ್ಕೊಮ್ಮೆ, ಎದೆಯ ಚರ್ಮದಡಿ ಕೂರಿಸಿ ರಕ್ತನಾಳಕ್ಕೆ ಔಷಧ ಹರಿಸುವ ಪೋರ್ಟ್‌ಗೆ ಪಂಪು ಜೋಡಿಸಿ 46 ಗಂಟೆಗಳ ಕಾಲ ಕ್ಯಾನ್ಸರ್ ಔಷಧವಾದ 5-ಎಫ್‌ಯು ಕೊಡುತ್ತಿದ್ದರು. ಪಂಪೆಂದರೆ ಮಗುವಿನ ಹಾಲಿನ ಬಾಟಲಿಯಷ್ಟಿರುವ ಡಬ್ಬಿ. ಅದರೊಳಗಿನ ಬಲೂನು ಎರಡು ದಿನಗಳಲ್ಲಿ ಮೆಲ್ಲಗೆ ಕುಗ್ಗುತ್ತಿತ್ತು. ಪೋರ್ಟ್‌ಗೆ ಸೋಂಕು ತಗಲಿದ್ದರಿಂದ ಅದನ್ನು ತೆಗೆದು, ಈಗ ಕೆಪೆಸಿಟಾಬಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ರಕ್ತಕ್ಕೆ ನೇರವಾಗಿ ಹೋಗುತ್ತಿದ್ದ ಔಷಧವನ್ನು ನುಂಗಿದರೆ ಅಷ್ಟೇ ಫಲ ಸಿಕ್ಕೀತೇ ಎಂಬುದು ತಂದೆಯವರ ಅನುಮಾನ, ನನ್ನದೂ ಹೌದು.

ಉತ್ತರ 1 (ಔಷಧಶಾಸ್ತ್ರದ ಅಧ್ಯಾಪಕ):
ನಿಮ್ಮ ಅನುಮಾನಕ್ಕೆ ಆಧಾರವಿದೆ, ಆದರೆ ಅದು ಸಲ್ಲುವುದು 5-ಎಫ್‌ಯುಗೆ. ಅದನ್ನೇ ನುಂಗಿಸಿದರೆ ಕರುಳಿನ ಗೋಡೆಯಲ್ಲೂ ಯಕೃತ್ತಿನಲ್ಲೂ ಇರುವ ಡಿಪಿಡಿ ಎಂಬ ಕಿಣ್ವ ಬಹುಪಾಲನ್ನು ದಾರಿಯಲ್ಲೇ ಒಡೆದುಹಾಕುತ್ತದೆ, ಮತ್ತು ಉಳಿಯುವ ಪಾಲು ಒಬ್ಬರಿಂದೊಬ್ಬರಿಗೆ ಎಷ್ಟು ಬದಲಾಗುತ್ತದೆಂದರೆ ಡೋಸು ನಿಗದಿ ಮಾಡುವುದೇ ಅಸಾಧ್ಯ. ರಕ್ತನಾಳಕ್ಕೆ ಕೊಟ್ಟರೂ ಸುಮಾರು 10ರಿಂದ 20 ನಿಮಿಷಗಳಲ್ಲಿ ಅರ್ಧದಷ್ಟು ಕರಗಿಹೋಗುತ್ತದೆ. ಪಂಪು ಬೇಕಾದದ್ದು ಅದಕ್ಕೇ.

ಕೆಪೆಸಿಟಾಬಿನ್ ಆ ಕಿಣ್ವಕ್ಕೆ ಸಿಕ್ಕದಂತೆ ವೇಷ ಮರೆಸಿಕೊಂಡ ರೂಪ. ಅದು ಕರುಳಿನ ಗೋಡೆಯನ್ನು ಇಡಿಯಾಗಿ ದಾಟಿ, ಯಕೃತ್ತಿನಿಂದ ಮೊದಲ್ಗೊಂಡು ಮೂರು ಹಂತಗಳಲ್ಲಿ 5-ಎಫ್‌ಯು ಆಗುತ್ತದೆ. ಕೊನೆಯ ಹಂತದ ಕಿಣ್ವ ಅನೇಕ ಗೆಡ್ಡೆಗಳಲ್ಲಿ ಹೆಚ್ಚಾಗಿರುತ್ತದೆ. ಮೂರನೆಯ ಹಂತದ ಕರುಳಿನ ಕ್ಯಾನ್ಸರಿನ 1987 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಎಕ್ಸ್-ಆಕ್ಟ್ ಪರೀಕ್ಷೆಯಲ್ಲಿ ಈ ಮಾತ್ರೆ 5-ಎಫ್‌ಯು ಚುಚ್ಚುಮದ್ದಿಗಿಂತ ಕಡಿಮೆಯೇನೂ ಆಗಲಿಲ್ಲ. ಅಲ್ಲಿ ಹೋಲಿಸಿದ್ದು ಪಂಪಿಗಲ್ಲ, ಒಮ್ಮೆಗೇ ಕೊಡುವ ಚುಚ್ಚುಮದ್ದಿಗೆ ಎಂಬುದನ್ನೂ ಹೇಳಿಬಿಡುತ್ತೇನೆ.

ಉತ್ತರ 2 (ಮಕ್ಕಳ ಕ್ಯಾನ್ಸರ್ ವಾರ್ಡಿನ ಶುಶ್ರೂಷಕಿ):
ದಾರಿ ಬದಲಾದರೆ ಔಷಧದ ಗುಣವೇ ಬದಲಾಗುತ್ತದೆ ಎಂಬುದನ್ನು ನಾವು ನಿತ್ಯ ನೋಡುತ್ತೇವೆ. ರಕ್ತದ ಕ್ಯಾನ್ಸರಿನ ಒಂದೇ ಮಗುವಿಗೆ ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ, ಮೆಥೊಟ್ರೆಕ್ಸೇಟ್ ಬೆನ್ನುಹುರಿಯ ದ್ರವಕ್ಕೆ, ಮರ್ಕ್ಯಾಪ್ಟೊಪ್ಯೂರಿನ್ ಬಾಯಿಗೆ. ಮೆಥೊಟ್ರೆಕ್ಸೇಟ್ ರಕ್ತದಿಂದ ಮಿದುಳಿಗೆ ಸಾಕಷ್ಟು ದಾಟದ ಕಾರಣ ಬೆನ್ನಿಗೆ ಕೊಡುತ್ತಾರೆ. ವಿನ್‌ಕ್ರಿಸ್ಟಿನ್ ತಪ್ಪಿ ಅಲ್ಲಿಗೆ ಹೋದರೆ ಪ್ರಾಣವೇ ಹೋಗುತ್ತದೆ. ಆದ್ದರಿಂದ ಬೆನ್ನಿಗೆ ಕೊಡುವ ಸಿರಿಂಜೆಂದು ಯಾರೂ ತಪ್ಪು ತಿಳಿಯದಂತೆ, ಅದನ್ನು ಸಿರಿಂಜಿಗೆ ತುಂಬದೆ ಸಣ್ಣ ಸಲೈನ್ ಚೀಲದಲ್ಲಿ ಬೆರೆಸುವುದು ಸುರಕ್ಷಿತ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತಂದೆಯವರು ಬೆಳಗ್ಗೆ ಆರಕ್ಕೆ ಬರೀ ಕಾಫಿ ಕುಡಿದು ಮಾತ್ರೆ ನುಂಗುತ್ತಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಹೀರಿಕೊಳ್ಳುತ್ತದೆ ಎಂದು ಯಾರೋ ಹೇಳಿದರಂತೆ.

ಉತ್ತರ 1:
ಹೇಳಿದವರ ಮಾತು ನಿಜ, ಅಪಾಯವೂ ಅದೇ. ಊಟದೊಂದಿಗೆ ಈ ಮಾತ್ರೆಯ ಹೀರಿಕೆ ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗುತ್ತದೆ. ಆದರೆ ಪರೀಕ್ಷೆಗಳೆಲ್ಲ ಊಟವಾದ 30 ನಿಮಿಷಗಳೊಳಗೆ ಕೊಟ್ಟೇ ನಡೆದಿದ್ದು, ಡೋಸು ಗೊತ್ತಾಗಿರುವುದು ಆ ತಗ್ಗಿದ ಪ್ರಮಾಣಕ್ಕೆ. ಆದ್ದರಿಂದ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಲೆಕ್ಕಕ್ಕಿಂತ ಹೆಚ್ಚು ಔಷಧ ರಕ್ತಕ್ಕೆ ಸೇರಬಹುದು. ತಿಂಡಿಯಾದ ಮೇಲೆ ನೀರಿನೊಂದಿಗೆ ಕೊಡಿ, ಇದುವರೆಗೆ ಹೀಗಾಗಿದೆ ಎಂದು ಇಂದೇ ವೈದ್ಯರಿಗೆ ತಿಳಿಸಿ. ಅವರು ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ದಿನಕ್ಕೆ ಎಂದಿನ ಲೆಕ್ಕಕ್ಕಿಂತ ನಾಲ್ಕು ಸಲ ಅಥವಾ ಇನ್ನೂ ಹೆಚ್ಚು ಸಲ ಜಾಸ್ತಿ ಭೇದಿಯಾದರೆ ಮುಂದಿನ ಮಾತ್ರೆ ಕೊಡದೆ ಆಸ್ಪತ್ರೆಗೆ ಫೋನ್ ಮಾಡಿ.