ಬಹುಪದೋಕ್ತಿಗಳ ವಿಂಗಡಣೆ: ಪದಗಳ ಸಂಖ್ಯೆ, ಘಾತ ಎರಡನ್ನೂ ಮಕ್ಕಳು ಕಲಸಿಬಿಡುತ್ತಾರೆ, ಏನು ಮಾಡುವುದು?

ಸೀಮೆಸುಣ್ಣ (ಪ್ರಶ್ನೆ)

ಪ್ರೌಢಶಾಲೆಯ ಮಕ್ಕಳಿಗೆ ಬಹುಪದೋಕ್ತಿಗಳ ವಿಂಗಡಣೆ ನಡೆಯುತ್ತಿದೆ: +, − ಚಿಹ್ನೆಗಳಿಂದ ಬೇರೆಯಾದ ಪದಗಳು ಎಷ್ಟು, ಘಾತ (ಚರಾಕ್ಷರದ ಮೇಲೆ ಬರೆಯುವ ಘಾತಸೂಚಿಗಳಲ್ಲಿ ದೊಡ್ಡದು) ಎಷ್ಟು ಎಂದು ನೋಡಿ ಹೆಸರಿಡುವುದು. ವ್ಯಾಖ್ಯೆ ಕೇಳಿದರೆ ಎಲ್ಲರೂ ಸರಿಯಾಗಿ ಒಪ್ಪಿಸುತ್ತಾರೆ. ಉದಾಹರಣೆ ಕೊಟ್ಟ ಕೂಡಲೇ ಎಡವುತ್ತಾರೆ. (ಟೈಪ್ ಮಾಡಲು ಸುಲಭವಾಗಲೆಂದು ಚರಾಕ್ಷರಗಳಿಗೆ ಯ, ರ ಬಳಸಿದ್ದೇನೆ.)

ಯ² + 5 ಕೊಟ್ಟರೆ ‘ದ್ವಿಪದೋಕ್ತಿ, ಯಾಕೆಂದರೆ ಘಾತ 2’ ಅನ್ನುತ್ತಾರೆ. ಉತ್ತರ ಸರಿ, ಕಾರಣ ತಪ್ಪು. ಹಾಗಾಗಿ ಯ³ + 5 ಬಂದಾಗ ಅದು ‘ತ್ರಿಪದೋಕ್ತಿ’ ಆಗಿಬಿಡುತ್ತದೆ. 6ಯ ಬಹುಪದೋಕ್ತಿಯೇ ಅಲ್ಲ ಎಂದು ವಾದಿಸುವವರೂ ಇದ್ದಾರೆ. ಯಾವ ಕ್ರಮದಲ್ಲಿ ಕಲಿಸಿದರೆ ಈ ಗೊಂದಲ ಹುಟ್ಟುವುದಿಲ್ಲ?

ಕಪ್ಪುಹಲಗೆ

ಎರಡೂ ತಪ್ಪುಗಳ ಬೇರು ಪದಗಳಲ್ಲೇ ಇದೆ. ‘ದ್ವಿ’ ಎಂದ ಕೂಡಲೇ ಮಕ್ಕಳ ಕಣ್ಣು ಬರಹದಲ್ಲಿ ಎಲ್ಲಿ 2 ಕಾಣುತ್ತದೋ ಅಲ್ಲಿಗೆ ಹೋಗುತ್ತದೆ, ಅದು ಸಾಮಾನ್ಯವಾಗಿ ಘಾತಸೂಚಿಯಲ್ಲೇ ಇರುತ್ತದೆ. ಹೆಸರನ್ನು ಬಿಡಿಸಿ ಬರೆಸಿ: ದ್ವಿ + ಪದ + ಉಕ್ತಿ. ನಡುವಿನ ‘ಪದ’ದ ಕೆಳಗೆ ಗೆರೆ ಎಳೆಸಿ. ಎಣಿಸಬೇಕಾದ್ದು ಪದಗಳನ್ನು, ಘಾತವನ್ನಲ್ಲ. ಘಾತದ ಕಡೆಯ ಹೆಸರುಗಳು ರೇಖಾತ್ಮಕ (ಘಾತ 1), ವರ್ಗ (ಘಾತ 2), ಘನ (ಘಾತ 3). ಅವುಗಳಲ್ಲಿ ‘ಪದ’ ಎಂಬ ಮಾತೇ ಇಲ್ಲ. ‘ದ್ವಿಘಾತ’ ಎಂಬ ಹೆಸರನ್ನು ಈ ಪಾಠದ ಮಟ್ಟಿಗೆ ಪಕ್ಕಕ್ಕಿಟ್ಟು ‘ವರ್ಗ’ ಎಂದೇ ಹೇಳಿ.

6ಯ ಬಗೆಗಿನ ತಕರಾರು ‘ಬಹು’ವಿನಿಂದ ಬಂದದ್ದು. ಬಹು ಎಂದರೆ ತುಂಬಾ, ಒಂದೇ ಪದ ಇದ್ದರೆ ಬಹು ಹೇಗಾಗುತ್ತದೆ ಎನ್ನುವುದು ಅವರ ಲೆಕ್ಕ. ಅದು ನ್ಯಾಯವಾದ ಪ್ರಶ್ನೆಯೇ. ಇಲ್ಲಿ ‘ಬಹು’ ಎಂದರೆ ‘ಒಂದು ಅಥವಾ ಹೆಚ್ಚು’ ಎಂದು ಮೊದಲ ದಿನವೇ ಬೋರ್ಡಿನ ಮೇಲೆ ಬರೆದುಬಿಡಿ.

ಇನ್ನೊಂದು ವಿಷಯ. ಪದಗಳ ಎಣಿಕೆ, ಘಾತ ಎರಡನ್ನೂ ಒಂದೇ ಅವಧಿಯಲ್ಲಿ ಹೇಳಿಕೊಡಬೇಡಿ.

ಸಹಗುಣಕ

ಮೇಲಿನ ಮಾತು ಒಪ್ಪುತ್ತೇನೆ. ಆದರೆ ಎಣಿಕೆಗೂ ಮೊದಲು ಎರಡು ಹೆಜ್ಜೆ ಇವೆ, ಹೆಚ್ಚಿನ ಅಂಕಗಳು ಕೈಬಿಡುವುದು ಅಲ್ಲೇ.

ಮೊದಲನೆಯದು, ಇದು ಬಹುಪದೋಕ್ತಿ ಹೌದೇ? ಚರಾಕ್ಷರದ ಘಾತಸೂಚಿ ಪ್ರತಿ ಪದದಲ್ಲೂ 0, 1, 2, 3… ಹೀಗೆ ಪೂರ್ಣಸಂಖ್ಯೆಯೇ ಆಗಿರಬೇಕು. ಸಹಗುಣಕ, ಅಂದರೆ ಚರಾಕ್ಷರವನ್ನು ಗುಣಿಸುವ ಸಂಖ್ಯೆ, ಹೇಗಿದ್ದರೂ ನಡೆಯುತ್ತದೆ. ಇದನ್ನು ಜೋಡಿಗಳಲ್ಲಿ ತೋರಿಸಿ: ಯ/4 ಹೌದು (ಸಹಗುಣಕ 1/4), 4/ಯ ಅಲ್ಲ (ಅದು 4ಯ⁻¹). √5·ಯ ಹೌದು, 5√ಯ ಅಲ್ಲ (ಘಾತಸೂಚಿ 1/2). ಮಕ್ಕಳು ವರ್ಗಮೂಲದ ಚಿಹ್ನೆ ಕಂಡ ಕೂಡಲೇ ‘ಅಲ್ಲ’ ಅನ್ನುತ್ತಾರೆ. ಚಿಹ್ನೆಯ ಒಳಗೆ ಕೂತಿರುವುದು ಸಂಖ್ಯೆಯೋ ಚರಾಕ್ಷರವೋ ಎಂದು ಬೆರಳಿಟ್ಟು ತೋರಿಸಲು ಹೇಳಿ.

ಎರಡನೆಯದು, ಸಜಾತಿ ಪದಗಳನ್ನು (ಚರಾಕ್ಷರ, ಘಾತಸೂಚಿ ಎರಡೂ ಒಂದೇ ಆಗಿರುವವನ್ನು) ಕೂಡಿಸಿ, ಘಾತದ ಇಳಿಕೆ ಕ್ರಮದಲ್ಲಿ ಬರೆಯದೆ ಹೆಸರಿಡಬಾರದು. ಈ ಒಂದು ಲೆಕ್ಕ ನಿಧಾನವಾಗಿ ಮಾಡಿಸಿ:

4ಯ³ − ಯ² + 6 − 4ಯ³ + 3ಯ

ನೋಡಿದ ತಕ್ಷಣ ಐದು ಪದ, ಘಾತ 3. ಕೂಡಿಸಿದರೆ 4ಯ³ ಮತ್ತು −4ಯ³ ಹೊಡೆದುಹೋಗಿ −ಯ² + 3ಯ + 6 ಉಳಿಯುತ್ತದೆ. ಅಂದರೆ ಮೂರೇ ಪದ, ಘಾತ 2: ವರ್ಗ ತ್ರಿಪದೋಕ್ತಿ. ಒಂದೇ ಲೆಕ್ಕದಲ್ಲಿ ಎರಡು ಹೆಸರೂ ಬದಲಾದದ್ದು ಕಣ್ಣಿಗೆ ಕಂಡರೆ, ಸುಲಭೀಕರಿಸಿ ಎಂದು ಮತ್ತೆ ಮತ್ತೆ ಹೇಳಬೇಕಾಗುವುದಿಲ್ಲ.

ಘಾತದಲ್ಲಿ ಕಾದಿರುವ ತಪ್ಪುಗಳು ಮೂರು. 5 + ಯ − 3ಯ⁴ ಇದ್ದರೆ ಮೊದಲ ಪದ ನೋಡಿ 0 ಅನ್ನುತ್ತಾರೆ. ಇಳಿಕೆ ಕ್ರಮದಲ್ಲಿ ಬರೆಸಿದರೆ ಇದು ನಿಲ್ಲುತ್ತದೆ. 2³ಯ⁴ ಕೊಟ್ಟರೆ 3ನ್ನೂ ಸೇರಿಸಿ 7 ಅನ್ನುತ್ತಾರೆ. 2³ ಎಂದರೆ ಬರೀ 8, ಘಾತ 4. ಎರಡು ಚರಾಕ್ಷರ ಬಂದಾಗ, ಉದಾಹರಣೆಗೆ 3ಯ²ರ + ರ², ಕಂಡ ಘಾತಸೂಚಿಯನ್ನೆಲ್ಲ ಕೂಡಿ 5 ಎಂದು ಬರೆಯುತ್ತಾರೆ. ಕೂಡುವುದು ಒಂದೇ ಪದದೊಳಗೆ ಮಾತ್ರ: ಮೊದಲ ಪದಕ್ಕೆ 2 + 1 = 3, ಎರಡನೆಯದಕ್ಕೆ 2. ದೊಡ್ಡದು 3, ಅದೇ ಉತ್ತರ.

ಸೀಮೆಸುಣ್ಣ

ಬಹಳ ಉಪಯೋಗವಾಯಿತು. 7 ಮತ್ತು 0 ಎರಡೂ ಸ್ಥಿರಾಂಕಗಳೇ. ಏಳರ ಘಾತ 0 ಎಂದು ಹೇಳಿ, ಸೊನ್ನೆಯ ಘಾತ ವ್ಯಾಖ್ಯಿಸಿಲ್ಲ ಎಂದರೆ ‘ಯಾಕೆ?’ ಅನ್ನುತ್ತಾರೆ. ಬಾಯಿಪಾಠ ಮಾಡಿ ಅನ್ನಲು ಮನಸ್ಸಿಲ್ಲ.

ಶೂನ್ಯತೆ

ಗುಣಿಸಿ ತೋರಿಸಿ. ಎರಡು ಬಹುಪದೋಕ್ತಿಗಳನ್ನು ಗುಣಿಸಿದಾಗ ಘಾತಗಳು ಕೂಡುತ್ತವೆ. 7 × (ಯ² + 1) = 7ಯ² + 7; ಘಾತ 0 + 2 = 2, ಸರಿಹೋಯಿತು. ಈಗ 0 × (ಯ² + 1) = 0. ಸೊನ್ನೆಯ ಘಾತ ಯಾವುದೋ ಒಂದು ಸಂಖ್ಯೆ ಎಂದುಕೊಳ್ಳಿ. ಅದಕ್ಕೆ 2 ಕೂಡಿದರೂ ಅದೇ ಸಂಖ್ಯೆ ಬರಬೇಕು. ಅಂಥ ಸಂಖ್ಯೆ ಇಲ್ಲ. ಅದಕ್ಕೇ ಬಿಟ್ಟಿದ್ದಾರೆ. ಮಕ್ಕಳಿಗೆ ಇಷ್ಟು ಸಾಕು.

ಅಭ್ಯಾಸಕ್ಕೆ ಒಂದು ಕೋಷ್ಟಕ ಕೊಡಿ: ಅಡ್ಡ ಸಾಲುಗಳಲ್ಲಿ ಘಾತ 0, 1, 2, 3, ಕಂಬಸಾಲುಗಳಲ್ಲಿ ಪದಗಳ ಸಂಖ್ಯೆ 1, 2, 3. ಒಟ್ಟು 12 ಮನೆ. ಒಂದೇ ಚರಾಕ್ಷರ ಬಳಸಿ ಪ್ರತಿ ಮನೆಗೂ ಒಂದೊಂದು ಉದಾಹರಣೆ ಬರೆಯಲಿ. ಘಾತ 0ರ ಸಾಲಿನಲ್ಲಿ ಎರಡು, ಘಾತ 1ರ ಸಾಲಿನಲ್ಲಿ ಒಂದು, ಹೀಗೆ ಮೂರು ಮನೆ ಖಾಲಿ ಉಳಿಯುತ್ತವೆ. ಮೊದಲೇ ಹೇಳಬೇಡಿ, ಒದ್ದಾಡಲಿ. ‘4ಯ + 2ಯ + 1’ ಎಂದು ತುಂಬಿಸಿ ತರುವವರು ಖಂಡಿತ ಇರುತ್ತಾರೆ. ಸಜಾತಿ ಪದಗಳನ್ನು ಕೂಡಿಸಿ ನೋಡು ಎಂದರೆ 6ಯ + 1 ಆಗಿ ಪಕ್ಕದ ಮನೆಗೆ ಜಾರುತ್ತದೆ. ಘಾತ 1 ಇದ್ದರೆ ಹೆಚ್ಚೆಂದರೆ ಎರಡು ಪದ, ಘಾತ 2 ಇದ್ದರೆ ಮೂರು ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

ಆಮೇಲೆ ರ ಕೂಡ ಬಳಸಬಹುದು ಎಂದು ಹೇಳಿ ನೋಡಿ. ಯ + ರ + 1 ಆ ಖಾಲಿ ಮನೆಗೆ ಸರಿಯಾಗಿ ಕೂರುತ್ತದೆ. ಘಾತ 0ರ ಎರಡು ಮನೆ ಮಾತ್ರ ಆಗಲೂ ಖಾಲಿಯೇ.