ತಾಯಿಗೆ ಎದುರು ಮಾತಾಡಿದ ಮೀನು

(ನಮ್ಮ ಕುಟುಂಬದ ಗುಂಪಿನಿಂದ. ಗುಡ್ ಮಾರ್ನಿಂಗ್ ಹೂಗಳನ್ನು ತೆಗೆದಿದ್ದೇನೆ, ಜಗಳ ಇದ್ದ ಹಾಗೇ ಇದೆ.)

ದೊಡ್ಡಪ್ಪ: [ಹಲವು ಬಾರಿ ಫಾರ್ವರ್ಡ್ ಆಗಿದೆ] ಪೋಷಕರೇ ಎಚ್ಚರ!! ‘ಫೈಂಡಿಂಗ್ ನೀಮೋ’: ಗುಣಮಟ್ಟ 10ಕ್ಕೆ 9, ನೀತಿ 10ಕ್ಕೆ 2. ಇಡೀ ಸಿನಿಮಾದಲ್ಲಿ ಮರಿಮೀನು ತಾಯಿಗೆ ಎದುರು ಮಾತಾಡುತ್ತದೆ, ಕೊನೆಗೆ ಅದೇ ಹೀರೋ! ಎಲ್ಲ ತಾಯಂದಿರಿಗೂ ಕಳಿಸಿ.

ದೊಡ್ಡಪ್ಪ: ಸುಜಾತಾ, ನೋಡಮ್ಮ. ಮಗು ಕೈಗೆ ಟ್ಯಾಬ್ ಕೊಡೋ ಮುಂಚೆ.

ಸುಜಾತಕ್ಕ: (ಬರೀ ಕೈಮುಗಿದ ಎಮೋಜಿ. ಅದರ ಅರ್ಥ ನಮಗೆಲ್ಲ ಗೊತ್ತು.)

ರಾಧತ್ತೆ: ನಿಜ ಅಣ್ಣ. ಈಗಿನ ಮಕ್ಕಳು ಒಂದು ಹೇಳಿದ್ರೆ ಹತ್ತು ಹೇಳ್ತಾವೆ. ಎಲ್ಲ ಈ ಕಾರ್ಟೂನಿಂದಲೇ.

ಕಿರಣ: ಈ ಅಂಕ ಹಾಕಿದ್ದು ಯಾರು ದೊಡ್ಡಪ್ಪ?

ದೊಡ್ಡಪ್ಪ: ತಿಳಿದವರು.

ಕಿರಣ: ತಿಳಿದವರು ಸಿನಿಮಾ ನೋಡಿಲ್ಲ. ಟೈಟಲ್ ಬರೋ ಮುಂಚೆಯೇ ತಾಯಿಮೀನು ಬರಾಕುಡಾ ಅನ್ನೋ ಬೇಟೆಮೀನಿನ ಬಾಯಿಗೆ ಹೋಗಿರುತ್ತೆ. ಇಲ್ಲದ ತಾಯಿಗೆ ಎದುರು ಮಾತಾಡೋದು ಹೇಗೆ?

ದೊಡ್ಡಪ್ಪ: ತಾಯಿ ಅಲ್ಲದಿದ್ರೆ ತಂದೆ. ನೀತಿ ಒಂದೇ.

ಕಿರಣ: ಮರಿಮೀನು ನೀಮೋ ತಂದೆಗೆ ಅಂತಾನೆ, ಒಪ್ಪಿದೆ. ‘ನಿನ್ನ ಕಂಡ್ರೆ ಆಗಲ್ಲ’ ಅಂದು ದೋಣಿ ಮುಟ್ಟೋಕೆ ಹೋಗ್ತಾನೆ. ಹೋದವನು ಬಲೆಗೆ ಬಿದ್ದು ಹಲ್ಲಿನ ಡಾಕ್ಟರ ಗಾಜಿನ ತೊಟ್ಟಿ ಸೇರ್ತಾನೆ. ಇದಕ್ಕಿಂತ ಶಿಕ್ಷೆ ಬೇಕಾ? ಅಂಕ ಹಾಕೋದಾದ್ರೆ ಅಪ್ಪನಿಗೂ ಹಾಕಿ. ಹೆದರಿ ಹೆದರಿ ಮಗನನ್ನ ಅಲ್ಲಾಡೋಕೂ ಬಿಟ್ಟಿರಲ್ಲ. ಕೊನೆಗೆ ಮೀನಿನ ರಾಶಿಯೇ ಬಲೆಗೆ ಸಿಕ್ಕಾಗ ಅದೇ ಅಪ್ಪ ಮಗನನ್ನ ಒಳಗೆ ಹೋಗೋಕೆ ಬಿಡ್ತಾನೆ. ‘ಎಲ್ಲರೂ ಕೆಳಕ್ಕೆ ಈಜಿ’ ಅಂತ ಹೇಳಿಕೊಟ್ಟು ಅಷ್ಟೂ ಮೀನನ್ನ ಬಿಡಿಸೋದು ಈ ಪುಟಾಣಿ. 2003ರ ಸಿನಿಮಾ, ಮರುವರ್ಷ ಆಸ್ಕರ್ ಬಂತು. ಈ ಭಾಗಕ್ಕೆ ನಿಮ್ಮ ತಿಳಿದವರು ಎಷ್ಟು ಕೊಟ್ರು?

ರಾಧತ್ತೆ: ಇಷ್ಟುದ್ದ ಯಾರು ಓದ್ತಾರೋ.

ದೊಡ್ಡಪ್ಪ: ಆಸ್ಕರ್ ಬಂದ ಮಾತ್ರಕ್ಕೆ ಸಂಸ್ಕಾರ ಬರಲ್ಲ. ನಿಮ್ಮಪ್ಪನ ಮುಂದೆಯೂ ಹೀಗೇ ವಾದ ಮಾಡಿ ಇಂಜಿನಿಯರಿಂಗ್ ಬಿಟ್ಟೆ.

ಕಿರಣ: ಅದಕ್ಕೂ ಮೀನಿಗೂ ಏನು ಸಂಬಂಧ?

ಚಿಕ್ಕಪ್ಪ: ಸಂಬಂಧ ಇದೆ.

(ಕಿರಣನ ಅಪ್ಪ ಗುಂಪಿನಲ್ಲಿ ಬರೆಯೋದೇ ಅಪರೂಪ. ಈ ಎರಡು ಪದಕ್ಕೆ ಸಾಲುಸಾಲು ಹೆಬ್ಬೆರಳು ಬಿತ್ತು.)

ಸುಜಾತಕ್ಕ: ನಾನು ಅರ್ಧಕ್ಕೇ ನಿಲ್ಲಿಸಿದ್ದು ನೀತಿಗೋಸ್ಕರ ಅಲ್ಲ. ಆ ಬರಾಕುಡಾ ನೋಡಿ ಮಗಳು ರಾತ್ರಿಯೆಲ್ಲ ಮಲಗಲಿಲ್ಲ. ಚಿತ್ರ ಅಷ್ಟು ಚೆನ್ನಾಗಿ ಮಾಡಿದ್ದಕ್ಕೇ ಹೆದರಿದ್ದು. ಅದು ಗುಣಮಟ್ಟದ ಅಂಕವೋ, ನೀತಿಯ ಅಂಕವೋ?

(ಅಷ್ಟೂ ಮಾತಿನಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ. ಯಾರೂ ಉತ್ತರ ಕೊಡಲಿಲ್ಲ.)

ಪಮ್ಮಿ: ಅಯ್ಯೋ, ಇದನ್ನ ರಜೆಯಲ್ಲಿ ಎಲ್ಲರೂ ಒಂದೇ ಚಾಪೆ ಮೇಲೆ ಕೂತು ನೋಡಿದ್ವಲ್ಲ! ಅಜ್ಜಿಗೆ ಇಂಗ್ಲಿಷ್ ಒಂದಕ್ಷರ ಬರ್ತಿರಲಿಲ್ಲ. ಆದ್ರೂ ‘ಆ ಕೂಸನ್ನ ಇನ್ನು ಯಾರು ನೋಡ್ಕೋತಾರೆ’ ಅಂತ ಕಣ್ಣೊರೆಸ್ಕೊಂಡ್ರು.

ಕಿರಣ: ನೋಡಿ! ತಾಯಿ ಸತ್ತಿದ್ದು ಅಜ್ಜಿಗೂ ಗೊತ್ತಾಗಿತ್ತು.

ದೊಡ್ಡಪ್ಪ: ಅಮ್ಮನನ್ನ ಇದಕ್ಕೆ ಎಳೀಬೇಡ.

ರಾಧತ್ತೆ: ಅದು ನನ್ನ ಡಿವಿಡಿ. ಅಣ್ಣ ತಗೊಂಡು ಹೋದದ್ದು ವಾಪಸ್ ಬರಲೇ ಇಲ್ಲ.

ದೊಡ್ಡಪ್ಪ: ನಾನಾ? ಆ ಸಿನಿಮಾ ನಾನು ನೋಡೇ ಇಲ್ಲ.

ಕಿರಣ: ಅಡ್ಮಿನ್, ಈ ಮೆಸೇಜ್ ಪಿನ್ ಮಾಡಿ.

ದೊಡ್ಡಮ್ಮ: ಕವರ್ ನಮ್ಮ ಬೀರುವಿನಲ್ಲೇ ಇದೆ ರಾಧಾ. ತೆಗೆದು ನೋಡಿದೆ. ಒಳಗಿರೋದು ಯೋಗಾಸನದ ಡಿವಿಡಿ.

ಚಿಕ್ಕಪ್ಪ: ಅದು ನಂದು.