ಸಿಟಿಜನ್ ಕೇನ್ ಮೆಚ್ಚಿಕೊಂಡೆ, ಟೊಟೊರೊ ನೋಡಿ ಅತ್ತುಬಿಟ್ಟೆ. ನಿಮಗೂ ಹೀಗಾಗಿದೆಯಾ?

ಕಡೇಸಾಲು:
ಎಲ್ಲರೂ ಹೊಗಳುವ ಹಳೆಯ ಸಿನಿಮಾಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ನಡುನಡುವೆ ಆನಿಮೇಷನ್. ಈ ವಾರ ಸಿಟಿಜನ್ ಕೇನ್ (1941) ಮುಗಿಸಿದೆ. ಅದನ್ನು ತೆಗೆಯುವಾಗ ಆರ್ಸನ್ ವೆಲ್ಸ್‌ಗೆ ಬರೀ 25 ವರ್ಷ! ಒಂದು ಶಾಟ್ ಮರೆಯೋಕೇ ಆಗುತ್ತಿಲ್ಲ. ಮನೆಯೊಳಗೆ ಅಮ್ಮ ಮಗನನ್ನು ಬೇರೆಯವರಿಗೆ ಒಪ್ಪಿಸುವ ಕಾಗದಕ್ಕೆ ಸಹಿ ಹಾಕುತ್ತಾಳೆ. ಕಿಟಕಿಯಾಚೆ, ದೂರದಲ್ಲಿ, ಆ ಹುಡುಗ ಹಿಮದಲ್ಲಿ ಕೂಗಾಡುತ್ತಾ ಆಡುತ್ತಿದ್ದಾನೆ. ಹತ್ತಿರದ್ದೂ ದೂರದ್ದೂ ಎರಡೂ ಅಷ್ಟೇ ಸ್ಪಷ್ಟ. ಭಲೇ ಅಂದೆ. ಆದರೆ ಅಷ್ಟೇ, ಎದೆಯೊಳಗೆ ಏನೂ ಆಗಲಿಲ್ಲ.

ಮರುದಿನ ಜಪಾನಿನ ಆನಿಮೇಷನ್ ನಿರ್ದೇಶಕ ಮಿಯಾಜಾಕಿಯ ಮೈ ನೇಬರ್ ಟೊಟೊರೊ (1988). ಅದರಲ್ಲಿ ವಿಲನ್ ಇಲ್ಲ, ದೊಡ್ಡ ಕಥೆಯೂ ಇಲ್ಲ. ಮಳೆಯಲ್ಲಿ ಬಸ್ಸಿಗೆ ಕಾಯುತ್ತಾ ಅಕ್ಕ ನಿಂತಿದ್ದಾಳೆ, ತಂಗಿ ಬೆನ್ನ ಮೇಲೆ ನಿದ್ದೆ. ಪಕ್ಕದಲ್ಲಿ ಟೊಟೊರೊ ಅನ್ನೋ ದೊಡ್ಡ ಪ್ರಾಣಿ ತಲೆ ಮೇಲೊಂದು ಎಲೆ ಇಟ್ಟುಕೊಂಡು ಬಂದು ನಿಲ್ಲುತ್ತೆ. ಅವಳು ಅಪ್ಪನಿಗೆ ತಂದ ಕೊಡೆಯನ್ನು ಅದಕ್ಕೆ ಕೊಡುತ್ತಾಳೆ. ಕೊಡೆ ಮೇಲೆ ಹನಿ ಬೀಳುವ ಸದ್ದಿಗೆ ಅದು ಖುಷಿಪಡುವುದನ್ನು ನೋಡಿ ನನಗೆ ಕಣ್ಣೀರು. ಯಾಕೆ ಅಂತ ಗೊತ್ತಿಲ್ಲ.

ಕೇನ್ ನಿಮಗೂ ತಣ್ಣಗನ್ನಿಸಿತಾ? ಇಷ್ಟು ಚಮತ್ಕಾರ ತೋರಿಸದೆ ತಟ್ಟುವ ಕ್ಲಾಸಿಕ್ ಯಾವುದಿದೆ?

ರೀಲ್‌ಡಬ್ಬಿ:
ಕೇನ್ ಅನ್ನೋ ಆ ಪತ್ರಿಕೆ ಮಾಲೀಕನೇ ತಣ್ಣಗಿದ್ದಾನಲ್ಲ! ಅವನ ಹತ್ತಿರ ಯಾರಿಗೂ ಹೋಗೋಕಾಗಲ್ಲ, ನಮಗೆ ಮಾತ್ರ ಹೇಗೆ ಆಗುತ್ತೆ? ತಿಂಡಿ ಟೇಬಲ್ ಸೀನ್ ಇನ್ನೊಮ್ಮೆ ನೋಡಿ. ಕೆಲವೇ ನಿಮಿಷದಲ್ಲಿ ಒಂದು ಮದುವೆ ಹಳಸುತ್ತೆ. ಮೊದಲು ಮುದ್ದು ಮಾತು, ಆಮೇಲೆ ಚುಚ್ಚು ಮಾತು, ಕೊನೆಗೆ ಮಾತೇ ಇಲ್ಲ. ಹೆಂಡತಿಯ ಕೈಯಲ್ಲಿರುವುದು ಗಂಡನ ಪತ್ರಿಕೆಯಲ್ಲ, ಅವನ ಎದುರಾಳಿಯದು.

ನಿಮಗೆ ತಟ್ಟಬೇಕಾದ್ದು ಕೇನ್‌ನ ಪತ್ರಿಕೆಯಲ್ಲಿ ಮ್ಯಾನೇಜರ್ ಆಗಿದ್ದ ಮುದುಕ ಬರ್ನ್‌ಸ್ಟೀನ್ ಹೇಳುವ ಸಣ್ಣ ವಿಷಯ. 1896ರಲ್ಲಿ ಎದುರಿನ ದೋಣಿಯಲ್ಲಿ ಬಿಳಿ ಕೊಡೆ ಹಿಡಿದ ಹುಡುಗಿಯೊಬ್ಬಳು ಒಂದು ಕ್ಷಣ ಕಂಡಳಂತೆ. ಅವಳು ಇವನನ್ನು ನೋಡಲೂ ಇಲ್ಲ. ಆದರೂ ಅವಳು ನೆನಪಾಗದ ತಿಂಗಳೇ ಇಲ್ಲವಂತೆ. ಇಡೀ ಸಿನಿಮಾ ಅಲ್ಲೇ ಇದೆ ಅಂತ ನನ್ನ ವಾದ.

ಪೆನ್ಸಿಲ್‌ಪುಡಿ:
ಕೇನ್ ಜಗಳ ನಿಮಗೇ ಇರಲಿ, ನನ್ನದು ಟೊಟೊರೊ. ಕ್ಯಾಮರಾ ಇಟ್ಟರೆ ಮಳೆ ತಾನಾಗಿ ಸಿಗುತ್ತೆ. ಆನಿಮೇಷನ್‌ನಲ್ಲಿ ಯಾರೋ ಚಿತ್ರ ಬರೆಯದೆ ಒಂದು ಹನಿಯೂ ಬೀಳಲ್ಲ. ಆ ಬಸ್ ಸ್ಟಾಪ್ ಹತ್ತಿರ ಒಂದು ಕಪ್ಪೆ ಬರುತ್ತೆ, ಗಮನಿಸಿದ್ರಾ? ಕಥೆಗೆ ಅದರಿಂದ ಏನೂ ಆಗಬೇಕಿಲ್ಲ. ಆದರೂ ಕೂತು ಬರೆದಿದ್ದಾರೆ. ನಿಮ್ಮ ಕಣ್ಣೀರಿಗೆ ಕಾರಣ ಅದೇ ಇರಬೇಕು.

ಇನ್ನೊಂದು ತಮಾಷೆ. ಟೊಟೊರೊ ಬಿಡುಗಡೆಯಾಗಿದ್ದು ಇಸಾವೊ ತಕಹಾತ ಅವರ ಗ್ರೇವ್ ಆಫ್ ದ ಫೈರ್‌ಫ್ಲೈಸ್ ಜೊತೆಗೆ, ಎರಡೂ ಒಂದೇ ಪ್ರದರ್ಶನದಲ್ಲಿ! ಅದು ಯುದ್ಧದಲ್ಲಿ ಮನೆ ಕಳೆದುಕೊಂಡ ಅಣ್ಣ-ತಂಗಿಯ ಕಥೆ. ಮಕ್ಕಳನ್ನು ಕರೆದುಕೊಂಡು ಹೋದವರ ಗತಿ ಯೋಚಿಸಿ. ಅಣ್ಣ ಸಾಯುತ್ತಾನೆ ಅಂತ ಆ ಸಿನಿಮಾ ಶುರುವಿನಲ್ಲೇ ಹೇಳಿಬಿಡುತ್ತೆ, ಆದರೂ ನಾವು ಆಸೆ ಬಿಡಲ್ಲ. ಮಿಠಾಯಿ ಡಬ್ಬಿ ಖಾಲಿಯಾದ ಮೇಲೆ ಅದಕ್ಕೆ ನೀರು ಹಾಕಿ ತಂಗಿಗೆ ಕುಡಿಸುತ್ತಾನೆ. ಆ ಸೀನ್ ನಾನು ಮತ್ತೆ ನೋಡಲ್ಲ, ನೀವು ಒಮ್ಮೆ ನೋಡಿ.

ಮೌನರಾಗ:
ಚಮತ್ಕಾರ ಬೇಡ ಅಂದರೆ ಬೈಸಿಕಲ್ ಥೀವ್ಸ್ (1948). ಕಳುವಾದ ಸೈಕಲ್ ಹುಡುಕುವ ಅಪ್ಪ-ಮಗನ ಕಥೆ. ಅಪ್ಪನ ಪಾತ್ರ ಮಾಡಿದವರು ನಟರಲ್ಲ, ಕಾರ್ಖಾನೆ ಕೆಲಸಗಾರ. ಆಮೇಲೆ ಜಪಾನಿನ ನಿರ್ದೇಶಕ ಓಜು ಅವರ ಟೋಕಿಯೋ ಸ್ಟೋರಿ (1953). ಕ್ಯಾಮರಾ ನೆಲಕ್ಕೆ ಹತ್ತಿರ, ಹೆಚ್ಚುಕಮ್ಮಿ ಅಲ್ಲಾಡಲ್ಲ. ಅಜ್ಜಿ ಮೊಮ್ಮಗನನ್ನು ದಿಣ್ಣೆ ಮೇಲೆ ಕರೆದುಕೊಂಡು ಹೋಗಿ, ನೀನು ಡಾಕ್ಟರ್ ಆಗುವಾಗ ನಾನಿರುತ್ತೀನೋ ಇಲ್ಲವೋ ಅನ್ನುತ್ತಾಳೆ. ಅವನ ಪಾಡಿಗೆ ಅವನು ಆಡುತ್ತಿರುತ್ತಾನೆ. ಮೊದಲ ಅರ್ಧ ಗಂಟೆ ನಿಧಾನ ಅನ್ನಿಸುತ್ತೆ, ಫೋನ್ ಬೇರೆ ಕೋಣೆಯಲ್ಲಿಡಿ.

ಕಡೇಸಾಲು:
ಬೈಸಿಕಲ್ ಥೀವ್ಸ್ ನೋಡಿದೆ. ಕೊನೆಯಲ್ಲಿ ಅಪ್ಪನೇ ಸೈಕಲ್ ಕದ್ದು ಸಿಕ್ಕಿಬೀಳುತ್ತಾನೆ, ಜನ ಎಳೆದಾಡುತ್ತಾರೆ. ಆಗ ಮಗ ಕೆಳಗೆ ಬಿದ್ದ ಟೋಪಿ ಎತ್ತಿಕೊಂಡು ಧೂಳು ಕೊಡವುತ್ತಾನಲ್ಲ, ಅಲ್ಲಿ ನಾನು ಮುಗಿದೆ. ಹಿನ್ನೆಲೆ ಸಂಗೀತ ಮಾತ್ರ ಜಾಸ್ತಿ ಆಯ್ತು. ಆ ಹುಡುಗನ ಮುಖವೇ ಸಾಕಿತ್ತು.

ಪೆನ್ಸಿಲ್‌ಪುಡಿ, ಕಪ್ಪೆ ಸಿಕ್ಕಿತು! ಫೈರ್‌ಫ್ಲೈಸ್‌ಗೆ ಇನ್ನೂ ಧೈರ್ಯ ಬಂದಿಲ್ಲ, ಮೊದಲು ಓಜು ಮುಗಿಸುತ್ತೇನೆ. ರೀಲ್‌ಡಬ್ಬಿಯವರೇ, ಬರ್ನ್‌ಸ್ಟೀನ್ ವಿಷಯ ಪೂರ್ತಿ ಒಪ್ಪಿದೆ. ಹಾಗಾದರೆ ಸಿನಿಮಾನ ಅವನ ಮೇಲೇ ತೆಗೆಯಬಹುದಿತ್ತು ಅಲ್ವಾ?